ಔಷಧದ ಕ್ಯಾನು ನೀರಿಗೆ ಬೇಡ

ಜತ್ತ ತಾಲೂಕಿನ ಹೆಣ್ಣುಮಕ್ಕಳಿಗೆ ವಸ್ತು ಬಿಸಾಡಿ ಗೊತ್ತಿಲ್ಲ. ಹಳೆಯ ಸೀರೆ, ಧೋತರ ಕೌದಿಯಾಗುತ್ತವೆ. ಎಣ್ಣೆ ಡಬ್ಬಿಯಲ್ಲಿ ತುಳಸಿ ಬೆಳೆಯುತ್ತದೆ. ಸಿಮೆಂಟ್ ಚೀಲ ಬಿಚ್ಚಿ ಹೊಲಿದರೆ ಮಳೆಗಾಲದಲ್ಲಿ ಕಣಕಿ ಬಣವೆಗೆ ಹೊದಿಕೆ. ಸೋರುವ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರೆ ಸಾಕು, ಪ್ಲಂಬರ್‌ಗೆ ಫೋನ್ ಹಚ್ಚುವುದು ತಪ್ಪುತ್ತದೆ. ಇದಕ್ಕೆಲ್ಲ ಶಭಾಷ್ ಅನ್ನಬೇಕು.

ಆದರೆ ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಹೊಡೆಯುವ ಔಷಧದ ಖಾಲಿ ಕ್ಯಾನು ಮಾತ್ರ ಈ ಲೆಕ್ಕಕ್ಕೆ ಬರಬಾರದು. ಟ್ಯಾಂಕರ್ ಬಂದಾಗ ಕೊಡಗಳು ಸಾಲುವುದಿಲ್ಲ, ಗಟ್ಟಿ ಮುಚ್ಚಳದ ಐದು ಲೀಟರ್ ಕ್ಯಾನು ಕಣ್ಣಿಗೆ ಬೀಳುತ್ತದೆ. 'ಸೋಡಾ ಹಾಕಿ ತೊಳದೀವ್ರಿ, ವಾಸನಿ ಹೋಗೇದ' ಅಂತಾರೆ. ವಾಸನೆ ಹೋಗಬಹುದು, ಪ್ಲಾಸ್ಟಿಕ್ ಹೀರಿಕೊಂಡ ವಿಷ ಪೂರ್ತಿ ಹೋಗುವುದಿಲ್ಲ. ಅದು ನಿಧಾನಕ್ಕೆ ನೀರಿಗೆ ಇಳಿಯುತ್ತದೆ.

ಲೇಬಲ್ಲಿನ ಸಣ್ಣ ದೇವನಾಗರಿ ಅಕ್ಷರ ಕನ್ನಡ ಶಾಲೆ ಕಲಿತ ಅಜ್ಜಿಗೆ ಓದಲು ಬಾರದು. ತ್ರಿಕೋನದ ಬಣ್ಣ ಕಾಣುತ್ತದಲ್ಲ? ಕೆಂಪು ಅಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷದ ಡಬ್ಬಿಯೇ.

ಖಾಲಿ ಡಬ್ಬಿ ಮತ್ತೆ ಬಳಕೆಯಾಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಹೂಳುವ ಜಾಗ ತೋರಿಸುವವರು ಯಾರು? ಮಾರಿದ ಅಂಗಡಿಯವರು ಖಾಲಿ ಕ್ಯಾನು ವಾಪಸ್ ಪಡೆಯಲಿ, ಗ್ರಾಮ ಪಂಚಾಯತಿ ಸಂಗ್ರಹದ ವ್ಯವಸ್ಥೆ ಮಾಡಲಿ. ಮುಂದಿನ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳೇ ಇದನ್ನು ಕೇಳಬೇಕು.

ಅಲ್ಲಿಯವರೆಗೆ ಔಷಧ ಮುಗಿದ ಕೂಡಲೇ ಕ್ಯಾನನ್ನು ಮೂರು ಸಲ ತೊಳೆದು, ಆ ನೀರನ್ನು ಹೊಡೆಯುವ ಪಂಪಿಗೇ ಸುರುವಿರಿ. ತೋಟದಲ್ಲೇ ತಳಕ್ಕೆ ತೂತು ಹೊಡೆಯಿರಿ. ತೂತು ಬಿದ್ದ ಕ್ಯಾನನ್ನು ಟ್ಯಾಂಕರ್ ಹತ್ತಿರ ಯಾರೂ ಒಯ್ಯುವುದಿಲ್ಲ.