‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎನ್ನುವ ಮುನ್ನ

ಕನ್ನಡ ಬಾರದವರೂ ಬೆಂಗಳೂರಿಗೆ ಬಂದ ವಾರದಲ್ಲೇ ಕಲಿಯುವ ಮಾತೊಂದಿದೆ: ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಕೆಂಗೇರಿಯಿಂದ ವಿಜಯನಗರಕ್ಕೆ ಬರುವ ಮೆಟ್ರೊದಲ್ಲಿ ಈ ಮಾತಿಗೆ ಇಬ್ಬರು ಸರಿದು ಕುಳಿತರೆ ಮತ್ತೊಬ್ಬರಿಗೆ ಜಾಗವಾಗುತ್ತದೆ. ಅಲ್ಲಿ ಅದು ಸೌಜನ್ಯದ ಮಾತು. ಅದೇ ಮಾತು ನಮ್ಮ ಮನೆಗಳೊಳಗೆ ಏನು ಮಾಡುತ್ತಿದೆ ಎಂಬುದೇ ನನ್ನ ಪ್ರಶ್ನೆ.

ಪದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಆದ್’ ಎಂದರೆ ಕಡೆಗೆ, ‘ಯುಕ್ಸ್ತಾ’ ಎಂದರೆ ಹತ್ತಿರ, ಪಕ್ಕದಲ್ಲಿ. ಎರಡೂ ಕೂಡಿ ‘ಹತ್ತಿರಕ್ಕೆ ತರು’ ಎಂಬ ಅರ್ಥದ ಕ್ರಿಯಾಪದವಾಗಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು. ನಡುವೆ ಫ್ರೆಂಚರು ಅದನ್ನು ‘ನ್ಯಾಯವಾದ’ ಎಂಬ ಅರ್ಥದ ‘ಯುಸ್ತುಸ್’ ಪದದಿಂದ ಹುಟ್ಟಿದ್ದೆಂದು ತಪ್ಪಾಗಿ ಭಾವಿಸಿದರು. ಆ ತಪ್ಪಿನಿಂದ ಒಳ್ಳೆಯದೇ ಆಯಿತು. ಸಾಮೀಪ್ಯದ ಜೊತೆಗೆ ಸರಿಪಡಿಸುವ ಅರ್ಥವೂ ಕೂಡಿಕೊಂಡಿತು.

ರಾಜಾಜಿನಗರದ ಯಾವುದೇ ಮೆಕ್ಯಾನಿಕ್ ಇದನ್ನು ಬಲ್ಲ. ಸ್ಕೂಟರಿನ ಬ್ರೇಕ್ ಅಡ್ಜಸ್ಟ್ ಮಾಡುವಾಗ ಅವನು ನಟ್ಟು ತಿರುಗಿಸಿ ಬ್ರೇಕ್ ಶೂವನ್ನು ಡ್ರಮ್ಮಿನ ಹತ್ತಿರಕ್ಕೆ ತರುತ್ತಾನೆ. ದೂರವುಳಿದರೆ ಬ್ರೇಕ್ ಹಿಡಿಯದು. ಅತಿಯಾಗಿ ಬಿಗಿದರೆ ಚಕ್ರ ತಿರುಗದು, ಶೂ ಸವೆದುಹೋಗುವುದು.

ನಮ್ಮ ಮನೆಗಳಲ್ಲಿ ಸವೆಯುತ್ತಿರುವವರು ಯಾರು? ಅಲ್ಲಿ ‘ಮಾಡಿ’ ಎಂಬುದು ‘ಮಾಡಿಕೊಳ್ಳಿ’ ಎಂದಾಗಿದೆ. ಹೇಳುವವರು ಕದಲುವುದಿಲ್ಲ, ಕೇಳಿಸಿಕೊಂಡವರೇ ಬಾಗಬೇಕು. ಮನೆಯ ಮಾಲೀಕರು ಬಾಡಿಗೆದಾರರಿಗೆ ಹೇಳುತ್ತಾರೆ. ಅತ್ತೆ ಸೊಸೆಗೆ ಹೇಳುತ್ತಾರೆ. ಹೆತ್ತವರೇ ಮಗಳಿಗೆ ಹೇಳಿ ಬಸ್ಸು ಹತ್ತಿಸುತ್ತಾರೆ. ಸೊಸೆಯೊಬ್ಬಳು ಅತ್ತೆಗೆ ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂದದ್ದನ್ನು ಎಂದಾದರೂ ಕೇಳಿದ್ದೀರಾ?

ಇತರರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಗಂಡನ ಹೊಡೆತ ತಾಳಲಾರದೆ ಸಹೋದರಿಯೊಬ್ಬಳು ನನ್ನ ಬಳಿ ಬಂದಳು. ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಮ್ಮ, ಮಕ್ಕಳ ಮುಖ ನೋಡು’ ಎಂದೆ. ‘ಆಗಲಿ ಫಾದರ್’ ಎಂದು ತಲೆತಗ್ಗಿಸಿ ಹೊರಟಳು. ಗಂಡನನ್ನು ಕರೆಸಿ ನಾನು ಒಂದು ಮಾತೂ ಕೇಳಲಿಲ್ಲ. ಅಂದು ನಾನು ಕೊಟ್ಟದ್ದು ಸಾಂತ್ವನವಲ್ಲ, ಹೊಡೆಯುವವನಿಗೆ ಅನುಮತಿ.

‘ಹಾಗಾದರೆ ಸಂಸಾರದಲ್ಲಿ ತಾಳ್ಮೆ ಬೇಡವೇ?’ ಎಂದು ನೀವು ಕೇಳಬಹುದು. ಬೇಕು, ಇಬ್ಬರಿಗೂ ಬೇಕು. ಆದರೆ ಹೊಡೆತವನ್ನು ಸಹಿಸುವುದು ತಾಳ್ಮೆಯಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ ಕಾನೂನು 2005ರಲ್ಲಿ ರೂಪುಗೊಂಡು 2006ರಿಂದ ಜಾರಿಯಲ್ಲಿದೆ. ಹಿಂಸೆ, ಘೋರ ಅನ್ಯಾಯಗಳ ಸಂದರ್ಭದಲ್ಲಿ ಪತಿ-ಪತ್ನಿಯರು ಬೇರೆ ವಾಸಿಸುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವಾಗಬಹುದೆಂದು ದಿವಂಗತ ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತಿಸಿಯಾ’ದಲ್ಲಿ ಒಪ್ಪಿದ್ದಾರೆ. ಕಾನೂನೂ ಧರ್ಮಸಭೆಯೂ ಹೇಳದ ‘ಅಡ್ಜಸ್ಟ್’ ಅನ್ನು ಹೇಳಲು ನಾವು ಯಾರು?

ಯೊವಾನ್ನನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಮಾತೆ ಮರಿಯಮ್ಮ ಶಿಲುಬೆಯ ಬಳಿ ನಿಂತಿರುತ್ತಾರೆ. ಆ ‘ಬಳಿ’ ಎಂಬುದಕ್ಕೆ ಲ್ಯಾಟಿನ್ ಬೈಬಲಿನಲ್ಲಿರುವ ಪದವೂ ‘ಯುಕ್ಸ್ತಾ’. ನೋವುಂಡವರಿಗೆ ದೂರದಿಂದ ಉಪದೇಶಿಸುವ ಬದಲು ಆ ತಾಯಿಯಂತೆ ಪಕ್ಕದಲ್ಲಿ ನಿಲ್ಲೋಣ. ಮುಂದಿನ ಬಾರಿ ಮಗಳು ಕಣ್ಣೀರಿಟ್ಟು ತವರಿಗೆ ಬಂದರೆ, ಒಂದು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಅವಳ ಮಾತು ಮುಗಿಯುವವರೆಗೆ ಕೇಳಿ. ಆಮೇಲೆ ಅಳಿಯನನ್ನು ಕರೆಸಿ.