ಲಕ್ವ ಹೊಡೆದ ಮೇಲೂ ಕಲಿಯುವ ಮೆದುಳು

ಲಕ್ವ ಹೊಡೆದು ವರ್ಷ ಕಳೆದರೆ ‘ಇನ್ನು ಇಷ್ಟೇ’ ಎಂದು ರೋಗಿಯೂ ಮನೆಯವರೂ ಕೈಚೆಲ್ಲಿ ಕೂರುವುದುಂಟು. ಹಾಗೆ ನಿರಾಶರಾಗಬೇಕಿಲ್ಲ ಎನ್ನುತ್ತದೆ ವಿಜ್ಞಾನ.

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ನರಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಸ್ವಾಧೀನ ತಪ್ಪುತ್ತವೆ, ಬಲಕ್ಕಾದರೆ ಎಡಗಡೆಯವು. ಕಾಲಿನ ಮೂಳೆ, ಸ್ನಾಯು ನೆಟ್ಟಗಿದ್ದರೂ ಅವಕ್ಕೆ ಅಪ್ಪಣೆ ತಲುಪುವುದಿಲ್ಲ. ಸತ್ತ ನರಕೋಶಗಳು ಮತ್ತೆ ಬದುಕುವುದೂ ಇಲ್ಲ. ಹಾಗಾದರೆ ಎಷ್ಟೋ ರೋಗಿಗಳು ಪುನಃ ನಡೆಯುವುದು ಹೇಗೆ?

2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದಕ್ಕೆ ಸುಳಿವಿದೆ. ಅಮೆರಿಕ ಮತ್ತು ಜರ್ಮನಿಯ ಸಂಶೋಧಕರು, ಲಕ್ವ ಹೊಡೆದು ಆರು ತಿಂಗಳಿಗೂ ಹೆಚ್ಚು ಕಾಲವಾಗಿದ್ದ 71 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಟ್ರೆಡ್‌ಮಿಲ್ ಮೇಲೆ ನಡಿಗೆ. ಇನ್ನೊಂದಕ್ಕೆ ಕೈಕಾಲು ಚಾಚುವ ವ್ಯಾಯಾಮ. ವಾರಕ್ಕೆ ಮೂರು ದಿನ, 40 ನಿಮಿಷ, ಆರು ತಿಂಗಳು. ಕೊನೆಗೆ ಟ್ರೆಡ್‌ಮಿಲ್ ಮೇಲಿನ ಗರಿಷ್ಠ ವೇಗವನ್ನು ಅಳೆದಾಗ ನಡೆದವರದು ಶೇ. 51ರಷ್ಟು ಏರಿತ್ತು, ಉಳಿದವರದು ಶೇ. 11 ಮಾತ್ರ.

ಇನ್ನೂ ಸ್ವಾರಸ್ಯವಾದದ್ದು ಮೆದುಳಿನ ಚಿತ್ರಗಳು. ಸೋತ ಕಾಲಿನ ಮಂಡಿಯನ್ನು ಆಡಿಸುವಾಗ ತೆಗೆದ ಎಂ.ಆರ್.ಐ. ಚಿತ್ರಗಳಲ್ಲಿ, ನಡಿಗೆಯ ಗುಂಪಿನವರ ಅನುಮಸ್ತಿಷ್ಕ ಮತ್ತು ಮಧ್ಯಮೆದುಳು ಮೊದಲಿಗಿಂತ ಚುರುಕಾಗಿದ್ದವು. ಹೆದ್ದಾರಿಯ ಸೇತುವೆ ಕುಸಿದಾಗ ಬಸ್ಸುಗಳು ಹಳ್ಳಿಯ ಗಾಡಿದಾರಿ ಹಿಡಿಯುವುದಿಲ್ಲವೇ? ಮೊದಮೊದಲು ತೆವಳುತ್ತವೆ, ಓಡಾಡಿದಂತೆಲ್ಲ ದಾರಿ ಗಟ್ಟಿಯಾಗುತ್ತದೆ. ಮೆದುಳಿನಲ್ಲೂ ಹಾಗೆಯೇ. ಮಗ್ಗಿ ಬಾಯಿಗೆ ಬರುವಂತೆ ನಡಿಗೆಯೂ ಮರುಕಲಿಕೆಯಿಂದ, ಮತ್ತೆ ಮತ್ತೆ ಮಾಡುವುದರಿಂದ ಬರುತ್ತದೆ.

ಆದರೆ ಆತುರ ಸಲ್ಲದು. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೇ ಪದೇ ಪದೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಓಡಾಡಿಸಿದವರ ಚೇತರಿಕೆ ಉಳಿದವರಷ್ಟು ಚೆನ್ನಾಗಿರಲಿಲ್ಲ. ಯಾವಾಗ, ಎಷ್ಟು ನಡೆಯಬೇಕೆಂದು ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್ ಹೇಳಬೇಕು. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಕೈ ಸೋತರೆ ಮಾತ್ರ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯಲ್ಲಿ ಅಂಥ ಅಜ್ಜನೋ ಅಜ್ಜಿಯೋ ಇದ್ದರೆ ಮಕ್ಕಳು ಸಂಜೆ ಹೊತ್ತು ಅವರ ಸೋತ ಕಾಲಿನ ಪಕ್ಕದಲ್ಲಿ, ದೊಡ್ಡವರ ಜೊತೆಗೂಡಿ ಹೆಜ್ಜೆ ಹಾಕಲಿ. ನಿನ್ನೆ ಹತ್ತು ಹೆಜ್ಜೆ ಇಟ್ಟವರು ಇಂದು ಹನ್ನೊಂದು ಇಟ್ಟರೆ, ಅಷ್ಟರಮಟ್ಟಿಗೆ ಮೆದುಳು ಪಾಠ ಕಲಿತಿದೆ ಎಂದೇ ಅರ್ಥ.