ಗೇರುಬೀಜವೂ ಯಂತ್ರದ ಕಣ್ಣೂ

ಪುತ್ತೂರು ತಾಲ್ಲೂಕಿನ ಬೆಟ್ಟಂಪಾಡಿ ಕೇರಳದ ಗಡಿಗೆ ಸಮೀಪದ ಒಂದು ಗ್ರಾಮ. ತಗ್ಗಿನಲ್ಲಿ ಅಡಕೆಯ ತೋಟಗಳು, ನೀರು ನಿಲ್ಲದ ಮುರಕಲ್ಲಿನ ಗುಡ್ಡಗಳಲ್ಲಿ ಗೇರುಮರಗಳು. ಇಂಥ ಊರಿಗೂ ಕಾರ್ಖಾನೆಯ ಯಂತ್ರಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಹತ್ತಿರದ್ದೇ. ಈ ಸೀಮೆಯ ಗುಡ್ಡಗಳ ಬೀಜ ಕಾರ್ಖಾನೆಗೆ ಹೋಗುತ್ತದೆ. ಅದರ ಬೆನ್ನಿಗೇ ಬೆಳಗಿನ ಬಸ್ಸಿನಲ್ಲಿ, ಬುತ್ತಿ ಕಟ್ಟಿಕೊಂಡ ಹೆಂಗಸರೂ ಹೋಗುತ್ತಾರೆ.

ಗೇರು ಈ ನೆಲದಲ್ಲಿ ಹುಟ್ಟಿದ ಮರವಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ಅದನ್ನು ತಂದರು. ಅದರ ಬೀಜದಿಂದ ತಿರುಳನ್ನು ಬಿಡಿಸುವುದು ಸುಲಭದ ಕೆಲಸವಲ್ಲ. ಬೀಜವನ್ನು ಬಿಸಿಲಿಗೆ ಒಣಗಿಸಿ, ಹಬೆಯಲ್ಲಿ ಬೇಯಿಸಿ, ಕೈಕಾಲುಗಳಿಂದ ನಡೆಸುವ ಕತ್ತರಿಯಂತ್ರದಲ್ಲಿ ಒಂದೊಂದಾಗಿ ಒಡೆಯಬೇಕು. ಒಡೆಯುವಾಗ ಸಿಪ್ಪೆಯಿಂದ ಸಿಡಿಯುವ ಎಣ್ಣೆ ಚರ್ಮವನ್ನು ಸುಡುತ್ತದೆ. ಅದನ್ನು ತಡೆಯಲು ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಳ್ಳುತ್ತಾರೆ. ಆಮೇಲೆ ತಿರುಳಿನ ಮೇಲಿನ ಕೆಂಪು ಪೊರೆಯನ್ನು ಸುಲಿಯಬೇಕು. ಕೊನೆಯದು ವಿಂಗಡಣೆ. ಒಂದು ಪೌಂಡಿಗೆ 180 ತೂಗುವ ದೊಡ್ಡ ತಿರುಳಿಗೆ ಒಂದು ದರ್ಜೆ, 320 ತೂಗುವುದಕ್ಕೆ ಇನ್ನೊಂದು, ಸೀಳಿಗೂ ಚೂರಿಗೂ ಬೇರೆ ಬೇರೆ. ಅಂಗೈಯಲ್ಲಿ ಹಿಡಿದ ಬೀಜ ಯಾವ ದರ್ಜೆಯದೆಂದು ಅಳತೆಗೋಲಿಲ್ಲದೆ ಹೇಳಬಲ್ಲ ಕಣ್ಣು ವರ್ಷಗಳ ಅಭ್ಯಾಸದಿಂದ ಮಾತ್ರ ದೊರೆಯುತ್ತದೆ. ಓದು ಬಾರದವಳೆಂದು ಲೋಕ ಕಡೆಗಣಿಸಿದ ಎಷ್ಟೋ ಹೆಂಗಸರ ವಿದ್ಯೆ ಇದು.

ಈಗ ಯಂತ್ರವು ಈ ವಿದ್ಯೆಗೇ ಕೈಯಿಕ್ಕಿದೆ. ಬೀಜ ಒಡೆಯುವ, ಪೊರೆ ತೆಗೆಯುವ ಯಂತ್ರಗಳು ಬಂದು ಕಾಲವಾಯಿತು. ಹೊಸತು, ನೋಡುವ ಯಂತ್ರ. ಜಾರಿ ಬೀಳುವ ತಿರುಳುಗಳನ್ನು ಕ್ಯಾಮೆರಾ ನೋಡುತ್ತದೆ. ಗಣಕವು ಬಣ್ಣವನ್ನೂ ಆಕಾರವನ್ನೂ ಅಳೆದು ನಿರ್ಣಯಿಸುತ್ತದೆ. ಬೇಡವಾದುದನ್ನು ಗಾಳಿಯ ಒಂದು ಸೆಳಕು ಪಕ್ಕಕ್ಕೆ ತಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಕೃತಕ ಬುದ್ಧಿಮತ್ತೆಯೆಂದು ಕರೆಯುವ ವಿದ್ಯೆ ಇದಕ್ಕೆ ಸೇರಿದ ಮೇಲೆ, ಯಂತ್ರಕ್ಕೆ ನಿಯಮಗಳನ್ನು ಒಂದೊಂದಾಗಿ ಹೇಳಿಕೊಡಬೇಕಾಗಿಲ್ಲ. ಮನುಷ್ಯರು ವಿಂಗಡಿಸಿದ ಸಾವಿರಾರು ಬೀಜಗಳ ಚಿತ್ರಗಳನ್ನು ತೋರಿಸಿದರೆ ಅದು ತಾನಾಗಿ ಕಲಿಯುತ್ತದೆ. ಆ ಬೀಜಗಳನ್ನು ಮೊದಲು ವಿಂಗಡಿಸಿಕೊಟ್ಟವರು ಯಾರೆಂಬುದನ್ನು ಮರೆಯಬಾರದು. ಗುರುವೇನೋ ಅವಳೇ, ಗುರುದಕ್ಷಿಣೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಹಾಗಾದರೆ ಯಂತ್ರವನ್ನು ತಡೆಯಬೇಕೆ? ತಡೆದು ನೋಡಿದ ಅನುಭವ ಈ ಜಿಲ್ಲೆಯ ಕಣ್ಣೆದುರಿಗೇ ಇದೆ. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ತೊಡೆಯ ಮೇಲೆ ತಡ್ಪೆಯಿಟ್ಟು ಬೀಡಿ ಕಟ್ಟಿ ಸಂಸಾರ ಸಾಗಿಸಿದರು. ಯಂತ್ರದಿಂದ ತಯಾರಾದ ಬೀಡಿಗೆ ಸರ್ಕಾರ ಹೆಚ್ಚಿನ ಸುಂಕ ವಿಧಿಸಿ, ಕೈಬೀಡಿಯನ್ನು ಕಾಪಾಡಿತು. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾಯಿದೆಯೂ 1976ರಲ್ಲಿ ಕಲ್ಯಾಣನಿಧಿಯ ಕಾಯಿದೆಯೂ ಬಂದವು. ಅದರಿಂದ ಉಪಕಾರವಾಗಲಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. ಆದರೂ ಸಾವಿರಕ್ಕಿಷ್ಟೆಂಬ ಮಜೂರಿಯ ಲೆಕ್ಕ ಹೋಗಲಿಲ್ಲ. ಬಗ್ಗಿದ ಬೆನ್ನು ನೇರವಾಗಲಿಲ್ಲ. ತಂಬಾಕಿನ ಹುಡಿ ಉಸಿರಿಗೆ ಸೇರುವುದೂ ನಿಲ್ಲಲಿಲ್ಲ. ಯಂತ್ರವನ್ನು ದೂರವಿಟ್ಟ ಮಾತ್ರಕ್ಕೆ ದುಡಿಯುವವಳ ಬಾಳು ಹಸನಾಗಲಿಲ್ಲ.

ಗೇರುಬೀಜದ ವಿಷಯದಲ್ಲಂತೂ ತಡೆಯುವುದು ಸಾಧ್ಯವೂ ಅಲ್ಲ. ಯಂತ್ರಗಳನ್ನು ಬೇಗನೆ ಅಳವಡಿಸಿಕೊಂಡ ವಿಯೆಟ್ನಾಮ್ ದೇಶ 2006ರ ಸುಮಾರಿಗೆ ಭಾರತವನ್ನು ಹಿಂದಿಕ್ಕಿ, ತಿರುಳಿನ ರಫ್ತಿನಲ್ಲಿ ಮೊದಲ ಸ್ಥಾನ ಪಡೆಯಿತು. ಕೇರಳದ ಕೊಲ್ಲಂನಲ್ಲಿ ಅನೇಕ ಗೇರುಬೀಜ ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಕಾರ್ಖಾನೆಯೇ ಮುಚ್ಚಿದ ಮೇಲೆ ಕೈಕೆಲಸದ ಹಿರಿಮೆಯನ್ನು ಕೊಂಡಾಡಿ ಏನು ಫಲ? ಅಲ್ಲದೆ, ಚರ್ಮ ಸುಡುವ ಕೆಲಸವನ್ನು ಯಂತ್ರವು ವಹಿಸಿಕೊಂಡರೆ ಅಳುವವರು ಯಾರು? ಅಡಕೆ ಸುಲಿಯುವ ಯಂತ್ರ ತೋಟದ ಮನೆಗಳಿಗೆ ಬಂದಾಗಲೂ ಹೆಚ್ಚಿನ ಕಡೆ ಅದು ಯಾರನ್ನೂ ಓಡಿಸಲಿಲ್ಲ. ಸುಲಿಯುವವರು ಆ ವೇಳೆಗೆ ಸಿಕ್ಕದಂತಾಗಿದ್ದರು.

ಕಷ್ಟವಿರುವುದು ಯಂತ್ರದಿಂದ ಉಳಿದ ಹಣ ಯಾರ ಕೈಸೇರುತ್ತದೆ ಎಂಬಲ್ಲಿ. ಈ ಸೀಮೆಯ ರೈತರು ಅದಕ್ಕೊಂದು ದಾರಿ ಕಂಡವರು. ಅಡಕೆಯ ಬೆಲೆ ಕುಸಿದು ಕಂಗೆಟ್ಟಿದ್ದಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. 1986ರಲ್ಲಿ ಆ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಅಲ್ಲಿಯೂ ಯಂತ್ರಗಳೇ ತಿರುಗುತ್ತವೆ. ಆದರೆ ಕೊಕ್ಕೊ ಬೆಳೆಯುವವನಿಗೆ ಆ ಯಂತ್ರಗಳಲ್ಲಿ ಪಾಲಿದೆ. ಬೆಳೆಯುವವನಿಗೆ ಸಾಧ್ಯವಾದ ಪಾಲು ವಿಂಗಡಿಸುವವಳಿಗೆ ಏಕೆ ಸಾಧ್ಯವಾಗಬಾರದು? ಪಾಲು ದೂರದ ಮಾತೆಂದಾದರೆ, ಯಂತ್ರದ ಪಕ್ಕದಲ್ಲಿ ನಿಲ್ಲುವ ಕೆಲಸವಾದರೂ ಅವಳದಾಗಬೇಕು. ನೋಡುವ ಯಂತ್ರ ತಪ್ಪದೆ ಇರುವುದಿಲ್ಲ. ಹೊಸ ತಳಿಯ ಬೀಜ ಬಂದಾಗ, ಮಳೆಗಾಲದಲ್ಲಿ ತಿರುಳಿನ ಬಣ್ಣ ತುಸು ಮಾಸಿದಾಗ, ಅದನ್ನು ಮತ್ತೆ ತಿದ್ದಬೇಕಾಗುತ್ತದೆ. ತಿದ್ದಲು ಬೇಕಾದ ಕಣ್ಣು ಅವಳಲ್ಲಿದೆ. ಗುಂಡಿಗಳನ್ನೊತ್ತುವ ಕ್ರಮವನ್ನು ಕಲಿಸಿದರೆ ಸಾಕು. ದೂರದ ಊರಿನಿಂದ ಹುಡುಗನೊಬ್ಬನನ್ನು ಕರೆತಂದು ಗುಂಡಿಯ ಜೊತೆಗೆ ಬೀಜವನ್ನೂ ಕಲಿಸುವುದು ಇದಕ್ಕಿಂತ ಕಷ್ಟದ ಕೆಲಸ.

ಕೆಲಸಗಾರರನ್ನು ಕಡಿಮೆ ಮಾಡುವಂಥ ಹೊಸ ಯಂತ್ರವನ್ನು ತರುವ ಮಾಲೀಕನು 21 ದಿನ ಮುಂಚಿತವಾಗಿ ತಿಳಿವಳಿಕೆ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು; ಅದರ ಸ್ಥಾನಕ್ಕೆ ಬಂದ 2020ರ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಇಪ್ಪತ್ತು ವರ್ಷ ಬೀಜ ಆಯ್ದವಳು ಇನ್ನೊಂದು ಕಸುಬನ್ನು ಕಲಿಯಲು ಮೂರು ವಾರ ಸಾಲದು. ಯಂತ್ರಕ್ಕೆ ಮುಂಗಡ ಕೊಟ್ಟ ದಿನವೇ ಅವಳ ಕಲಿಕೆಯೂ, ಕಲಿಯುವ ದಿನಗಳ ಕೂಲಿಯೂ ಆರಂಭವಾಗುವಂತೆ ಆ ನಿಯಮವನ್ನು ತಿದ್ದುವುದು ಶಾಸನಸಭೆಗೆ ಅಸಾಧ್ಯವಾದ ಕೆಲಸವೇನೂ ಅಲ್ಲ.